ಹಬ್ಬದ ಸೇಲ್‌ಗೆ ಈಗಲೇ ತಯಾರಾಗಿ

ದಸರಾ ಹತ್ತಿರ ಬಂತೆಂದರೆ ಆನ್‌ಲೈನ್‌ನಲ್ಲಿ ದೊಡ್ಡ ಸೇಲ್ ಶುರು. ಫ್ಲಿಪ್‌ಕಾರ್ಟ್‌ನ ಬಿಗ್ ಬಿಲಿಯನ್ ಡೇಸ್ 2014ರಿಂದ ನಡೆಯುತ್ತಿದೆ. ಅಮೆಜಾನ್‌ನದ್ದೂ ಅದೇ ಹೊತ್ತಿಗೆ ಬರುತ್ತದೆ. 2024 ಮತ್ತು 2025ರಲ್ಲಿ ಎರಡೂ ಶುರುವಾಗಿದ್ದು ಸೆಪ್ಟೆಂಬರ್ ಕೊನೆಗೆ. ಶಿರಸಿ, ಸಿದ್ದಾಪುರದ ಕಡೆ ಆಗಿನ್ನೂ ಅಡಿಕೆ ಕೊಯ್ಲು ಆಗಿರುವುದಿಲ್ಲ, ಕೈಯಲ್ಲಿ ದುಡ್ಡು ಬಿಗಿ. ಅದಕ್ಕೇ ಒಂದು ತಿಂಗಳು ಮೊದಲೇ ಲೆಕ್ಕ ಹಾಕಿ.

ಮೊದಲು ಮನೆಯವರೆಲ್ಲ ಕೂತು ಪಟ್ಟಿ ಮಾಡಿ. ವಸ್ತು ಯಾವುದು, ಅದರ ಪೂರ್ತಿ ಮಾಡೆಲ್ ನಂಬರ್ ಏನು, ಜಾಸ್ತಿ ಅಂದರೆ ಎಷ್ಟು ಕೊಡುತ್ತೀರಿ, ಎಲ್ಲವನ್ನೂ ಬರೆದಿಡಿ. ಮಾಡೆಲ್ ನಂಬರಿನಲ್ಲಿ ಒಂದಕ್ಷರ ಬೇರೆಯಾದರೂ ಮಶಿನ್ನೇ ಬೇರೆ ಇರಬಹುದು.

ಆಮೇಲೆ ಅಳತೆ. ವಾಷಿಂಗ್ ಮಶಿನ್ ತರುವುದಾದರೆ ಬಚ್ಚಲಿನ ಬಾಗಿಲನ್ನು ಟೇಪ್ ಹಿಡಿದು ಅಳೆಯಿರಿ. ನೀರಿನ ಒತ್ತಡವನ್ನೂ ನೋಡಿ. ಘಟ್ಟದ ಮೇಲೆ ಎಷ್ಟೋ ಮನೆಗಳಿಗೆ ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ಬರುತ್ತದೆ, ಬೇಸಿಗೆಯಲ್ಲಿ ಸಣ್ಣಗಾಗುತ್ತದೆ. ಮಶಿನ್ನಿಗೆ ಕನಿಷ್ಠ ಎಷ್ಟು ಒತ್ತಡ ಬೇಕೆಂದು ಅದರ ಕೈಪಿಡಿಯಲ್ಲಿ ಇರುತ್ತದೆ. 0.3 ಬಾರ್ ಎಂದಿದ್ದರೆ ನೀರಿನ ಟ್ಯಾಂಕು ಮಶಿನ್ನಿನ ನಲ್ಲಿಗಿಂತ ಸುಮಾರು 3 ಮೀಟರ್ ಮೇಲಿರಬೇಕು. ಕಾರವಾರ, ಕುಮಟಾ, ಹೊನ್ನಾವರದವರಿಗೆ ಉಪ್ಪುಗಾಳಿಯದ್ದೇ ಚಿಂತೆ. ಎಸಿ ಕೊಳ್ಳುವಾಗ ತಾಮ್ರದ ಕಾಯಿಲ್, ತುಕ್ಕು ತಡೆಯುವ ಲೇಪನ ಎರಡೂ ಇದೆಯೇ ಎಂದು ನೋಡಿ.

ಸರ್ವಿಸ್ ವಿಷಯಕ್ಕೆ ಕಂಪನಿಯ ನಂಬರಿಗೇ ಫೋನ್ ಮಾಡಿ. ಮೆಕ್ಯಾನಿಕ್ ನಿಮ್ಮ ಊರಿನ ತನಕ ಬರುತ್ತಾರಾ? ಹುಬ್ಬಳ್ಳಿಯಿಂದ ಬರಬೇಕು ಎಂದರೆ ಎಷ್ಟೇ ಅಗ್ಗವಾದರೂ ಆ ಬ್ರ್ಯಾಂಡ್ ಬೇಡ. ಆ್ಯಪ್‌ನಲ್ಲಿ ನಿಮ್ಮ ಪಿನ್ ಕೋಡ್ ಹಾಕಿ ನೋಡುವುದನ್ನೂ ಮರೆಯಬೇಡಿ. ಶಿರಸಿ ಪೇಟೆಯ 581401ಕ್ಕೆ ಬರುವ ಫ್ರಿಜ್ ಹಳ್ಳಿಯ ಪಿನ್‌ಗೆ ಬಾರದೇ ಇರಬಹುದು. ಆಗ ಪೇಟೆಯಲ್ಲಿರುವ ನೆಂಟರ ವಿಳಾಸ ಕೊಡಬೇಕಾಗುತ್ತದೆ, ಅವರನ್ನು ಮೊದಲೇ ಕೇಳಿಡಿ.

ಇನ್ನು ಬೆಲೆ. ‘ಶೇ 60 ಕಡಿತ’ ಎನ್ನುವುದು ಎಂಆರ್‌ಪಿ ಮೇಲಿನ ಲೆಕ್ಕ. ನಿಮಗೆ ಬೇಕಾದದ್ದು ಹೋದ ತಿಂಗಳು ಅದು ಎಷ್ಟಕ್ಕೆ ಸಿಗುತ್ತಿತ್ತು ಎಂಬುದು. ವಾರಕ್ಕೊಮ್ಮೆ ಬೆಲೆ ನೋಡಿ ಸ್ಕ್ರೀನ್‌ಶಾಟ್ ತೆಗೆದಿಡಿ. ಅಮೆಜಾನ್‌ನ ಹಳೆಯ ಬೆಲೆಗಳನ್ನು ಕೀಪಾ ಎಂಬ ಜಾಲತಾಣ ತೋರಿಸುತ್ತದೆ. ನಿಮ್ಮೂರ ಪೇಟೆಯ ಅಂಗಡಿಯಲ್ಲೂ ಒಮ್ಮೆ ಕೇಳಿ. ಸಾವಿರ ರೂಪಾಯಿ ಆಚೀಚೆಯಾದರೆ ನಾನಂತೂ ಅಂಗಡಿಯಲ್ಲೇ ಕೊಳ್ಳಿ ಎನ್ನುತ್ತೇನೆ. ಕೆಟ್ಟರೆ ಹೋಗಿ ಕೇಳಲು ಅಲ್ಲೊಬ್ಬರು ಇರುತ್ತಾರೆ.

ಬ್ಯಾಂಕ್ ಕಾರ್ಡಿನ ರಿಯಾಯಿತಿಗೆ ಮಿತಿ ಇರುತ್ತದೆ. ಶೇ 10 ಎಂದು ದೊಡ್ಡದಾಗಿ ಬರೆದು, ಕೆಳಗೆ ಗರಿಷ್ಠ 1,500 ಎಂದಿದ್ದರೆ, 24,000ದ ವಸ್ತುವಿಗೆ ಕಡಿಮೆಯಾಗುವುದು 1,500 ಮಾತ್ರ. ‘ನೋ ಕಾಸ್ಟ್’ ಕಂತೂ ಪೂರ್ತಿ ಪುಕ್ಕಟೆಯಲ್ಲ. ಬಡ್ಡಿಯಷ್ಟು ಹಣವನ್ನು ಬೆಲೆಯಲ್ಲಿ ಕಡಿಮೆ ಮಾಡುತ್ತಾರೆ, ಆದರೆ ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ನೀವೇ ಕೊಡಬೇಕು. ಬಡ್ಡಿ 1,000 ಆದರೆ 180 ರೂಪಾಯಿ. ಪ್ರೊಸೆಸಿಂಗ್ ಫೀ ಇದ್ದರೆ ಅದು ಬೇರೆ.

ಸೇಲ್‌ನ ಹಿಂದಿನ ದಿನ ವಿಳಾಸ, ಕಾರ್ಡ್ ಸರಿಯಿದೆಯೇ ನೋಡಿ, ವಸ್ತುವನ್ನು ಕಾರ್ಟ್‌ಗೆ ಹಾಕಿಡಿ. ವಾಟ್ಸಾಪ್‌ನಲ್ಲಿ ಬರುವ ಆಫರ್ ಲಿಂಕ್ ಒತ್ತಬೇಡಿ, ಆ್ಯಪ್ ತೆರೆದೇ ಕೊಳ್ಳಿ. ಮೋಸದಿಂದ ದುಡ್ಡು ಹೋಯಿತು ಎಂದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪಾರ್ಸೆಲ್ ಬಂದಾಗ ಒಡೆಯುವುದನ್ನು ವಿಡಿಯೊ ಮಾಡಿ. ಓಪನ್ ಬಾಕ್ಸ್ ಡೆಲಿವರಿ, ಅಂದರೆ ತಂದವರೇ ನಿಮ್ಮೆದುರು ಪೆಟ್ಟಿಗೆ ಬಿಚ್ಚಿ ತೋರಿಸುವ ವ್ಯವಸ್ಥೆ, ಇದ್ದರೆ ಒಳಗಿನದ್ದನ್ನು ನೋಡಿದ ಮೇಲೇ ಒಟಿಪಿ ಹೇಳಿ. ಒಡೆದ ವಸ್ತು ಬಂದು, ಮಾರಾಟಗಾರರು ಸ್ಪಂದಿಸದಿದ್ದರೆ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ಕೊಡಿ. ಆಗ ಬಿಲ್ ಮತ್ತು ಆ ವಿಡಿಯೊ ಕೈಯಲ್ಲಿರಲಿ.