ಮನೆ ಹತ್ರ ಆಶ್ ಮರ ಇದ್ರೆ ಒಂದ್ಸಲ ಕಾಂಡ ನೋಡಿ

ಅಮೆರಿಕದ ಮಿಶಿಗನ್, ಒಹಾಯೋ, ಕೆನಡಾದ ಒಂಟಾರಿಯೋ ಕಡೆ ಇರೋರು ದಯವಿಟ್ಟು ಓದಿ. ಎಮರಾಲ್ಡ್ ಆಶ್ ಬೋರರ್ ಅನ್ನೋ ಹಸಿರು ದುಂಬಿ 2002ರಲ್ಲಿ ಡೆಟ್ರಾಯ್ಟ್ ಹತ್ರ ಪತ್ತೆಯಾಗಿದ್ದು, ಅಲ್ಲಿಂದೀಚೆಗೆ ಕೋಟಿಗಟ್ಲೆ ಆಶ್ ಮರ ಸತ್ತೋಗಿವೆ. ದುಂಬಿ ಎಲೆ ತಿನ್ನೋದ್ರಿಂದ ಅಂಥಾ ನಷ್ಟ ಏನಿಲ್ಲ, ಅದರ ಮರಿಹುಳ ತೊಗಟೆ ಒಳಗೆ ಹಾವು ಹರಿದ ಹಾಗೆ ಸೊಟ್ಟಸೊಟ್ಟ ಕೊರೆದು ನೀರು, ಆಹಾರ ಓಡಾಡೋ ದಾರಿನೇ ಕಡಿದುಬಿಡುತ್ತೆ, ಮರ ತುದಿಯಿಂದ ಒಣಗ್ತಾ ಬರುತ್ತೆ. ಕಾಂಡದಲ್ಲಿ ಸುಮಾರು 3 ಮಿಲಿಮೀಟರಿನ ತೂತು, ಒಂದು ಕಡೆ ಚಪ್ಪಟೆ, ಇಂಗ್ಲಿಷ್ ಡಿ ಅಕ್ಷರದ ಶೇಪಲ್ಲಿ ಕಂಡ್ರೆ ಇದೇ ಹುಳ. ಮರಕುಟಿಗ ಪದೇಪದೇ ಬಂದು ತೊಗಟೆ ಕೀಳ್ತಿದ್ರೂ ಅನುಮಾನ ಪಡಿ.

ಮೇಲ್ಭಾಗ ಮೂರರಲ್ಲಿ ಒಂದು ಪಾಲಿಗಿಂತ ಕಮ್ಮಿ ಒಣಗಿದ್ರೆ ಸಾಮಾನ್ಯವಾಗಿ ಉಳಿಸ್ಬಹುದು, ಲೈಸೆನ್ಸ್ ಇರೋರನ್ನ ಕರೆಸಿ ಎಮಾಮೆಕ್ಟಿನ್ ಬೆಂಜೋಯೇಟ್ ಅನ್ನೋ ಕೀಟನಾಶಕನ ಕಾಂಡಕ್ಕೆ ಇಂಜೆಕ್ಷನ್ ಕೊಡಿಸಿ, ಎರಡು ವರ್ಷನಾದ್ರೂ ಕಾಪಾಡುತ್ತೆ, ಎಲೆ ಪೂರ್ತಿ ಬಿಟ್ಟ ಮೇಲೆ ಮೇ-ಜೂನ್ ಒಳ್ಳೇ ಟೈಮು. ಪೂರ್ತಿ ಸತ್ತಿದ್ರೆ ತಡ ಮಾಡ್ದೆ ತೆಗೆಸಿ, ಒಣಗಿದ ಆಶ್ ಬೇಗ ಪೆಡಸಾಗಿ ಕೊಂಬೆ ದಿಢೀರ್ ಮುರಿಯುತ್ತೆ, ಕೆಳಗೆ ಮಕ್ಕಳು ಆಡ್ತಿರ್ತಾರೆ.

ಇನ್ನೊಂದು, ಕ್ಯಾಂಪಿಂಗ್‌ಗೆ ಹೋಗುವಾಗ ಮನೆ ಸೌದೆ ತಗೊಂಡು ಹೋಗ್ಲೇಬೇಡಿ. ಹುಳ ದೂರದೂರಕ್ಕೆ ಹರಡಿದ್ದೇ ಹೆಚ್ಚಾಗಿ ಸೌದೆ ಜೊತೆ. ಕ್ಯಾಂಪ್ ಹತ್ರನೇ ಕೊಂಡು ಅಲ್ಲೇ ಉರಿಸಿ.