ಮಲೆನಾಡಿನಲ್ಲಿ ಜಿಯೋಕ್ಯಾಶ್ ಹುಡುಕೋದು ಹೇಗೆ? ಕೊನೆಯ ಹತ್ತು ಮೀಟರ್ ಕಣ್ಣಿನ ಕೆಲಸ

ಜಿಯೋಕ್ಯಾಶಿಂಗ್ ಅಂದರೆ ಇಷ್ಟೇ. ಯಾರೋ ಒಂದು ಡಬ್ಬಿಯನ್ನು (ಇದಕ್ಕೇ ಜಿಯೋಕ್ಯಾಶ್, ಚಿಕ್ಕದಾಗಿ ಕ್ಯಾಶ್ ಅನ್ನೋದು) ಎಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಆ್ಯಪ್‌ನಲ್ಲಿ ಹಾಕಿರುತ್ತಾರೆ. ನೀವು ಮೊಬೈಲ್ ಹಿಡಿದು ಹೋಗಿ ಹುಡುಕಬೇಕು. ಸಿಕ್ಕರೆ ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು, ತಾರೀಖು ಬರೆದು, ಡಬ್ಬಿಯನ್ನು ಇದ್ದ ಹಾಗೇ ಇಟ್ಟು ಬರಬೇಕು.

ಇದು ಶುರುವಾಗಿದ್ದು 2000ದ ಮೇ ತಿಂಗಳಲ್ಲಿ. ಅಲ್ಲಿವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಿಗ್ನಲ್ಲನ್ನು ಬೇಕಂತಲೇ ಕೆಡಿಸಿ ಕೊಡುತ್ತಿತ್ತು, ನೂರು ಮೀಟರ್ ವರೆಗೂ ತಪ್ಪು ತೋರಿಸುತ್ತಿತ್ತು. ಮೇ 2ರಂದು ಅದನ್ನು ನಿಲ್ಲಿಸಿದರು. ಮರುದಿನವೇ ಡೇವ್ ಉಲ್ಮರ್ ಅನ್ನುವವರು ಒರೆಗಾನ್ ರಾಜ್ಯದಲ್ಲಿ ಒಂದು ಕಪ್ಪು ಬಕೆಟ್ ಬಚ್ಚಿಟ್ಟು, ಅದು ಎಲ್ಲಿದೆ ಅಂತ ಇಂಟರ್ನೆಟ್‌ನಲ್ಲಿ ಹಾಕಿದರು. ಆಗಿಂದ ಫೋನ್ ಎಷ್ಟೇ ಸುಧಾರಿಸಿದರೂ ಒಂದು ಮಾತು ಹಾಗೇ ಉಳಿದಿದೆ: ಯಂತ್ರ ನಿಮ್ಮನ್ನು ಹತ್ತಿರಕ್ಕೆ ಮಾತ್ರ ಕರೆದುಕೊಂಡು ಹೋಗುತ್ತದೆ. ಬಯಲಿನಲ್ಲಿ ನಾಲ್ಕೈದು ಮೀಟರ್, ನಮ್ಮ ಕಾಡಿನ ಮರಗಳ ಕೆಳಗೆ ಹತ್ತು ಮೀಟರ್ ಅಥವಾ ಅದಕ್ಕೂ ಜಾಸ್ತಿ ಆಚೀಚೆ. ಅಲ್ಲಿಂದ ಮುಂದೆ ನೋಡಬೇಕಾದ್ದು ನೀವೇ.

ಮೊದಲು ಮನೆಯಲ್ಲಿ ಮಾಡುವ ಕೆಲಸ. ಜಿಯೋಕ್ಯಾಶಿಂಗ್ ಆ್ಯಪ್ ಹಾಕಿಕೊಂಡು ಖಾತೆ ತೆರೆಯಿರಿ. ಆಂಡ್ರಾಯ್ಡ್ ಇದ್ದವರಿಗೆ ಸಿ:ಜಿಯೋ ಅನ್ನುವ ಉಚಿತ ಆ್ಯಪ್ ಕೂಡ ಇದೆ. ನಕ್ಷೆಯಲ್ಲಿ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಆಗುಂಬೆ ಸುತ್ತ ಜಾಲಾಡಿ ನೋಡಿ. ಯುರೋಪಿನ ಊರುಗಳ ಹಾಗೆ ಹೆಜ್ಜೆಗೊಂದು ಇರುತ್ತದೆ ಅಂದುಕೊಳ್ಳಬೇಡಿ. ಒಂದು ದಿನಕ್ಕೆ ಎರಡೋ ಮೂರೋ ಸಾಕು. ಪ್ರತಿ ಕ್ಯಾಶ್‌ಗೂ ಒಂದರಿಂದ ಐದರವರೆಗೆ ಎರಡು ಅಂಕ ಇರುತ್ತವೆ. ಒಂದು, ಹುಡುಕಲು ಎಷ್ಟು ಕಷ್ಟ ಅಂತ. ಇನ್ನೊಂದು, ದಾರಿ ಎಷ್ಟು ಕಷ್ಟ ಅಂತ. ಮೊದಲ ಸಲಕ್ಕೆ ಎರಡೂ ಎರಡರ ಒಳಗಿರಲಿ. ಹಿಂದೆ ಹೋದವರು ಬರೆದಿದ್ದನ್ನೂ ತಪ್ಪದೆ ಓದಿ. ಕೊನೆಯ ಮೂರ್ನಾಲ್ಕು ಜನ ಸಿಗಲಿಲ್ಲ ಅಂತ ಬರೆದಿದ್ದರೆ ಡಬ್ಬಿ ಮಳೆಗೆ ಕೊಚ್ಚಿಹೋಗಿರಬಹುದು, ಬೇರೆಯದನ್ನು ಆರಿಸಿಕೊಳ್ಳಿ.

ನಮ್ಮ ಕಡೆ ಘಟ್ಟದ ಹತ್ತಿರ ಹೋದರೆ ನೆಟ್‌ವರ್ಕ್ ಸಿಗೋದೇ ಇಲ್ಲ, ಹಾಗಾಗಿ ವಿವರ, ನಕ್ಷೆ, ಸುಳಿವು ಎಲ್ಲ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಉಪಗ್ರಹದ ಸಿಗ್ನಲ್ ಸಾಕು. ಮೊದಲ ಸಲ ಜಾಗ ಗುರುತಿಸಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ ಅಷ್ಟೇ. ಕೈಯಿಂದ ಅಂಕಿ ಹಾಕುವವರು ಒಂದು ವಿಷಯ ಗಮನಿಸಿ. ಕ್ಯಾಶ್‌ಗಳ ಅಂಕಿ ಡಿಗ್ರಿ ಮತ್ತು ನಿಮಿಷದಲ್ಲಿರುತ್ತದೆ, 60 ನಿಮಿಷಕ್ಕೆ ಒಂದು ಡಿಗ್ರಿ. 13° 55.800 ಅಂದರೆ 13.930 ಡಿಗ್ರಿ. ಅದನ್ನು 13.558 ಅಂತ ಹಾಕಿದರೆ 40 ಕಿ.ಮೀ.ಗೂ ಜಾಸ್ತಿ ದಕ್ಷಿಣಕ್ಕೆ ಹೋಗಿ ನಿಲ್ಲುತ್ತೀರಿ.

ಚೀಲದಲ್ಲಿ ಪೆನ್ನು ಇರಲೇಬೇಕು, ಸಣ್ಣ ಡಬ್ಬಿಗಳಲ್ಲಿ ಕಾಗದಕ್ಕಷ್ಟೇ ಜಾಗ. ಸುರುಳಿ ಸುತ್ತಿದ ಆ ಕಾಗದ ಎಳೆಯಲು ಚಿಮುಟ, ಪೊಟರೆ ನೋಡಲು ಟಾರ್ಚ್, ಒಂದು ಗಟ್ಟಿ ಕೋಲು, ಪವರ್ ಬ್ಯಾಂಕ್. ಕೋಲು ಯಾಕೆ ಅಂದರೆ ಕಲ್ಲಿನ ಸಂದಿಗೆ, ಮರದ ಪೊಟರೆಗೆ ನೇರವಾಗಿ ಕೈ ಹಾಕಲೇಬಾರದು. ಮೊದಲು ಟಾರ್ಚ್, ಆಮೇಲೆ ಕೋಲು, ಕೈ ಕೊನೆಗೆ. ಈ ಕ್ರಮವನ್ನು ಮಕ್ಕಳಿಗೂ ಹೇಳಿಕೊಡಿ.

ಕಾಲದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮಳೆಗಾಲದಲ್ಲಿ ಇಂಬಳದ ಕಾಟ, ಉದ್ದ ಕಾಲುಚೀಲ ಮತ್ತು ಒಂದು ಪೊಟ್ಟಣ ಉಪ್ಪು ಇದ್ದರೆ ಹೇಗೋ ನಿಭಾಯಿಸಬಹುದು. ಮಳೆ ನಿಂತ ಮೇಲೆ ಎಲ್ಲ ಸರಿ ಅಂದುಕೊಳ್ಳಬೇಡಿ. ಚಳಿಗಾಲದಿಂದ ಬೇಸಿಗೆಯವರೆಗೆ ಉಣುಗಿನ ಕಾಲ, ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಈ ಕಾಯಿಲೆ ಮೊದಲು ಪತ್ತೆಯಾದದ್ದು ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನಾವೋ ಒಣ ದರಗು ಕೆದಕಿ ಹುಡುಕುವ ಜನ, ಉಣುಗು ಕೂತಿರುವುದೂ ಅಲ್ಲೇ. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಮಂಗ ಸತ್ತು ಬಿದ್ದಿದ್ದರೆ ಅಲ್ಲಿಂದಲೇ ವಾಪಸ್ ಬಂದು ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರ್‌ಗೆ ಹೇಳಲು ಮರೆಯಬೇಡಿ.

ಈಗ ಹುಡುಕುವ ವಿಷಯಕ್ಕೆ ಬರೋಣ. ಬಾಣದ ಗುರುತು ಹತ್ತು ಮೀಟರ್ ತೋರಿಸಿದಾಗ ನಿಂತುಬಿಡಿ. ಗಾಳಿಯಲ್ಲಿ ಎಂಟರ ಆಕಾರದಲ್ಲಿ ಫೋನ್ ತಿರುಗಿಸಿದರೆ ದಿಕ್ಸೂಚಿ ಸರಿಯಾಗುತ್ತದೆ. ಒಂದು ನಿಮಿಷ ಕಾದು, ಸ್ವಲ್ಪ ದೂರ ಹೋಗಿ, ಇನ್ನೊಂದು ಬದಿಯಿಂದ ಮತ್ತೆ ಬನ್ನಿ. ಎರಡು ಮೂರು ಕಡೆಯಿಂದ ಬಂದಾಗಲೂ ಬಾಣ ಎಲ್ಲಿಗೆ ಬೆರಳು ಮಾಡುತ್ತದೋ ಆ ಸುತ್ತಲೇ ಡಬ್ಬಿ ಇರುವ ಸಾಧ್ಯತೆ ಜಾಸ್ತಿ. ಆಮೇಲೆ ಫೋನ್ ಜೇಬಿಗೆ ಹಾಕಿ. ತುಂಬ ಜನ ಇಲ್ಲೇ ಎಡವೋದು, ಪರದೆ ನೋಡಿಕೊಂಡೇ ಗಿರಗಿರ ಸುತ್ತುತ್ತಾರೆ, ಡಬ್ಬಿ ಕಣ್ಣೆದುರೇ ಇರುತ್ತದೆ.

ಹುಡುಕಬೇಕಾದ್ದು ಡಬ್ಬಿಯನ್ನಲ್ಲ, ಆ ಜಾಗಕ್ಕೆ ಹೊಂದದ ವಸ್ತುವನ್ನು. ಮಲೆನಾಡಿನಲ್ಲಿ ಬೆಳೆದವರಿಗೆ ಇದು ಸಲೀಸು. ಒಂದು ಮಳೆಗಾಲ ಕಳೆದರೆ ಇಲ್ಲಿ ಎಲ್ಲದರ ಮೇಲೂ ಪಾಚಿ ಹತ್ತುತ್ತದೆ ಅಲ್ವಾ? ಹಳೆಯ ಜಂಬಿಟ್ಟಿಗೆ ಪಾಗಾರದಲ್ಲಿ ಎಲ್ಲ ಕಲ್ಲೂ ಹಸಿರಾಗಿದ್ದು ಒಂದು ಮಾತ್ರ ಬೋಳಾಗಿದ್ದರೆ, ಅಥವಾ ಅದರ ಪಾಚಿ ಕೆಳಮುಖವಾಗಿದ್ದರೆ, ಆ ಕಲ್ಲನ್ನು ಯಾರೋ ತೆಗೆದು ಇಟ್ಟಿದ್ದಾರೆ. ಹಲಸಿನ ಮರದ ಪೊಟರೆಯಲ್ಲಿ ಅಕೇಶಿಯಾ ಎಲೆ ಒತ್ತಿ ತುಂಬಿದ್ದರೆ ಗಾಳಿ ಆ ಕೆಲಸ ಮಾಡಿರಲಿಕ್ಕಿಲ್ಲ. ತುಕ್ಕು ಹಿಡಿದ ಬೋರ್ಡಿನಲ್ಲಿ ಒಂದೇ ಒಂದು ಬೋಲ್ಟ್ ಹೊಳೆಯುತ್ತಿದ್ದರೆ ಅದನ್ನು ಮೆಲ್ಲಗೆ ಎಳೆದು ನೋಡಿ. ಬೆರಳ ತುದಿಯಷ್ಟು ದೊಡ್ಡ, ಮ್ಯಾಗ್ನೆಟ್ ಅಂಟಿಸಿದ ಡಬ್ಬಿಗಳೂ ಇರುತ್ತವೆ, ಕಬ್ಬಿಣದ ಗೇಟಿನ ಒಳಬದಿಯನ್ನು ಟಾರ್ಚ್ ಹಾಕಿ ನೋಡಬೇಕು. ನೆಲ ಒಂದನ್ನೇ ನೋಡಬೇಡಿ. ಕಣ್ಣಿನ ಎತ್ತರಕ್ಕಿಂತ ಸ್ವಲ್ಪ ಮೇಲೆ, ಕೊಂಬೆಗೆ ದಾರ ಕಟ್ಟಿ ತೂಗಿಬಿಟ್ಟಿದ್ದು ಎಷ್ಟೋ ಜನಕ್ಕೆ ಕಾಣೋದೇ ಇಲ್ಲ.

ಹುಡುಕೋದು ಅಂದರೆ ಕೀಳೋದಲ್ಲ. ಕವಲೇದುರ್ಗದಂಥ ಕೆಳದಿ ನಾಯಕರ ಕೋಟೆಯಲ್ಲಿ ಒಂದು ಕಲ್ಲನ್ನೂ ಅಲುಗಾಡಿಸಬೇಡಿ. ಹಳೆಯ ಕಟ್ಟಡ ಬಿಚ್ಚಿದರೆ ಮಾತ್ರ ಸಿಗುವ ಕ್ಯಾಶ್ ಇದ್ದರೆ ಅದನ್ನು ಬಿಟ್ಟು ಬನ್ನಿ, ಆ್ಯಪ್‌ನಲ್ಲಿ ದೂರೂ ಕೊಡಿ. ಇಂಥ ಜಾಗಗಳಿಗೆ ಡಬ್ಬಿಯೇ ಇಲ್ಲದ ಬಗೆಗಳಿವೆ. ಅರ್ಥ್‌ಕ್ಯಾಶ್‌ನಲ್ಲಿ ಅಲ್ಲಿನ ಬಂಡೆ, ನೀರು, ಮಣ್ಣನ್ನು ನೋಡಿ ಪ್ರಶ್ನೆಗೆ ಉತ್ತರ ಕಳಿಸಿದರೆ ಸಾಕು. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡಬೇಡಿ, ಅದು ಕಾನೂನು.

ಹಳ್ಳಿಯ ಹತ್ತಿರ ಬೇಲಿ ಬುಡ ತಡಕುತ್ತಿದ್ದರೆ ಯಾರಾದರೂ ಬಂದು "ಎಂತ ಹುಡುಕ್ತಿದ್ದೀರಿ ಮಾರಾಯ್ರೇ?" ಅಂತ ಕೇಳೇ ಕೇಳುತ್ತಾರೆ. ಕೇಳಬೇಕಾದ್ದೇ, ಅಡಿಕೆ ಕಳ್ಳತನ ಆಗುವ ಊರುಗಳಿವು. ಸುಳ್ಳು ಹೇಳಬೇಡಿ. ಫೋನ್ ತೋರಿಸಿ, ಇದೊಂದು ಆಟ ಅಂತ ವಿವರಿಸಿ. ಅವರ ಜಾಗ ಆಗಿದ್ದು ಬೇಡ ಅಂದರೆ ಹೊರಟುಬಿಡಿ.

ಸಿಕ್ಕಿದ ಮೇಲೆ ಹೆಸರು ಬರೆಯಿರಿ. ಒಳಗಿನ ಸಣ್ಣ ವಸ್ತು ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದ್ದು ಇಡಿ. ಮುಚ್ಚಳ ಗಟ್ಟಿ ಕೂತಿದೆಯಾ ನೋಡಿ, ಒಂದು ಹನಿ ಒಳಗೆ ಹೋದರೂ ನಮ್ಮ ಮಳೆಗೆ ಪುಸ್ತಕ ಮುದ್ದೆಯಾಗುತ್ತದೆ. ಸಿಗದೇ ಹೋದರೂ ಸಿಗಲಿಲ್ಲ ಅಂತ ಆ್ಯಪ್‌ನಲ್ಲಿ ಬರೆಯಿರಿ, ಇಟ್ಟವರಿಗೆ ಅದರಿಂದಲೇ ಗೊತ್ತಾಗೋದು.

ನಿಮ್ಮ ತಾಲ್ಲೂಕಿನಲ್ಲಿ ಕ್ಯಾಶ್‌ಗಳೇ ಇಲ್ಲವಾ? ಹಾಗಾದರೆ ಗೆಳೆಯರ ತೋಟದಲ್ಲಿ ಆಡಿ. ಒಂದು ತಂಡ ಬೆಳಿಗ್ಗೆ ನಾಲ್ಕೈದು ಡಬ್ಬಿ ಬಚ್ಚಿಟ್ಟು, ಅಂಕಿಯನ್ನು ವಾಟ್ಸಾಪ್‌ನಲ್ಲಿ ಕಳಿಸಲಿ. ಅಡಿಕೆ ಹಾಳೆ ರಾಶಿ, ದಣಪೆಯ ಗೂಟ, ಪಂಪ್‌ಸೆಟ್ ಮನೆಯ ಹೆಂಚು, ಬಚ್ಚಿಡಲು ಜಾಗಕ್ಕೆ ಬರವಿಲ್ಲ. ಸಂಜೆ ಎಲ್ಲ ಡಬ್ಬಿಯನ್ನೂ ಎಣಿಸಿ ವಾಪಸ್ ತನ್ನಿ. ಚೆನ್ನಾಗಿ ಬಂತು ಅನ್ನಿಸಿದರೆ ಒಂದನ್ನು ಜಿಯೋಕ್ಯಾಶಿಂಗ್ ವೆಬ್‌ಸೈಟಿನಲ್ಲೇ ಹಾಕಬಹುದು. ಆಗ ಜಾಗದ ಯಜಮಾನರ ಒಪ್ಪಿಗೆ ಬೇಕು, ಬೇರೆಯವರ ಡಬ್ಬಿಯಿಂದ 161 ಮೀಟರ್ ದೂರ ಇರಬೇಕು, ಯಜಮಾನರ ಸ್ಪಷ್ಟ ಅನುಮತಿ ಇಲ್ಲದೆ ನೆಲ ಅಗೆದು ಹೂಳುವಂತಿಲ್ಲ. ಉಲ್ಮರ್ ಅವರ ಮೊದಲ ಬಕೆಟ್‌ನಲ್ಲಿ ಒಂದು ಬೀನ್ಸ್ ಡಬ್ಬಿ ಇತ್ತಂತೆ, ಈಗ ತಿನ್ನುವ ವಸ್ತು ಇಡುವಂತಿಲ್ಲ. ನಮ್ಮಲ್ಲಂತೂ ಇಟ್ಟರೆ ಮಂಗ, ಇರುವೆ ಬಿಡುವುದೂ ಇಲ್ಲ. ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಅಣೆಕಟ್ಟೆ ಹತ್ತಿರ ಬೇಡವೇ ಬೇಡ, ಜನ ಹೆದರುತ್ತಾರೆ. ಒಳಗೆ ಕಾಣುವಂಥ ಡಬ್ಬಿ ಆರಿಸಿ, ಮೇಲೆ ಕನ್ನಡದಲ್ಲಿ ಇದೇನು ಅಂತ ಬರೆದು ಅಂಟಿಸಿ, ಮಳೆಗಾಲ ಮುಗಿದ ಕೂಡಲೇ ಒಮ್ಮೆ ಹೋಗಿ ಪುಸ್ತಕ ಬದಲಿಸಿ ಬನ್ನಿ.