ಇಂಟರ್ನೆಟ್ ನಿಧಾನವೆಂದು ವಾದಿಸುವ ಮುನ್ನ ಅಳೆಯುವ ಬಗೆ

ತಪ್ಪು ಸೇವಾದಾರರದೋ ರೂಟರಿನದೋ ಎಂದು ವಾದಕ್ಕಿಳಿಯುವ ಮೊದಲು, ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರವಾಗಿ ರೂಟರಿಗೆ ಜೋಡಿಸಿ ವೇಗವನ್ನು ಅಳೆಯಿರಿ; ರಾತ್ರಿ 9ಕ್ಕೊಮ್ಮೆ, ಬೆಳಿಗ್ಗೆ 6ಕ್ಕೊಮ್ಮೆ ಅಳೆದು ಬರೆದಿಡಿ. 100 ಮೆಗಾಬಿಟ್ ಸಂಪರ್ಕದಲ್ಲಿ ಕಡತವೊಂದು ಸೆಕೆಂಡಿಗೆ ಸುಮಾರು 12 ಮೆಗಾಬೈಟಿನಂತೆ ಇಳಿದರೆ ಅದು ಮೋಸವಲ್ಲ, ಏಕೆಂದರೆ ಒಂದು ಬೈಟಿಗೆ 8 ಬಿಟ್.

ಕೇಬಲ್‌ನಲ್ಲಿ ಸರಿಯಿದ್ದು ವೈಫೈನಲ್ಲಿ ಮಾತ್ರ ವೇಗ ಕುಗ್ಗಿದರೆ ದೋಷ ಮನೆಯೊಳಗಿದೆ. ಜಯನಗರದ ನಮ್ಮ ಮನೆಯ ಹಜಾರದಲ್ಲಿ ಫೋನ್ ತೆರೆದರೆ ಅಕ್ಕಪಕ್ಕದವರ ಹತ್ತೊಂಬತ್ತು ವೈಫೈ ಹೆಸರುಗಳು ಕಾಣುತ್ತವೆ; ವೈಫೈ ಸಂಕೇತ ಸಾಗುವ ತರಂಗಪಟ್ಟಿಗಳಲ್ಲೊಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದಂತೆ ಬಳಸಬಹುದಾದ, ಆ ಪಟ್ಟಿಯ ಭಾಗಗಳಾದ ಚಾನೆಲ್‌ಗಳು 1, 6, 11 ಎಂಬ ಮೂರೇ ಆದ್ದರಿಂದ, ಗೋಡೆ ದಾಟುವ ಶಕ್ತಿ ಕಡಿಮೆಯಿದ್ದರೂ 5 ಗಿಗಾಹರ್ಟ್ಸ್‌ಗೆ ಬದಲಾಯಿಸಿಕೊಳ್ಳುವುದೇ ಲೇಸೆಂಬುದು ನನ್ನ ಅಭಿಪ್ರಾಯ. ಹೊಸ ರೂಟರಿಗೆಂದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಗೆ ಹೊರಡುವುದಿದ್ದರೆ ಇದಾದ ಮೇಲೆ ಹೊರಡಿ.